ಒಬ್ಬ ರೋಗಿ, ಎರಡು ಚೀಟಿ

ಯಾವುದಾದರೂ ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು ನೋಡಿ. ಸಾಲಿನಲ್ಲಿ ನಿಂತ ಹಿರಿಯರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರಲ್ಲಿ ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ ಲಕೋಟೆ, ನಾಲ್ಕು ಮಡಿಕೆ ಬಿದ್ದ ಹಳೆಯ ಚೀಟಿ, ಮುಗಿದ ಮಾತ್ರೆಯ ಹಾಳೆ. ಚೀಲದ ತಳದಲ್ಲಿ ಬೇರೆಯದೇ ಒಂದು ಲೋಕ: ಪಂಡಿತರು ಕೊಟ್ಟ ಚೂರ್ಣದ ಪೊಟ್ಟಣ, ಅರ್ಧ ಬಾಟಲಿ ಅರಿಷ್ಟ, ಪಕ್ಕದ ಮನೆಯವರು ಹೇಳಿದ ಯಾವುದೋ ಬೇರು. ಡಾಕ್ಟರರ ಮೇಜಿನ ಮೇಲೆ ಬರುವುದು ಮೇಲಿನ ಸರಕು ಮಾತ್ರ. ತಳದ್ದು ತಳದಲ್ಲೇ ಉಳಿಯುತ್ತದೆ. ಬೈಯುತ್ತಾರೆಂಬ ಭಯ ಒಂದು ಕಾರಣ. ಕೇಳಲಿಲ್ಲವಲ್ಲ, ಹೇಳುವುದೇಕೆ ಎಂಬುದು ಇನ್ನೊಂದು. ಅದೇ ಸಂಜೆ ಪಂಡಿತರ ಮುಂದೆ ಕುಳಿತಾಗ ಚೀಲ ತಲೆಕೆಳಗಾಗುತ್ತದೆ. ಅಲ್ಲಿ ‘ಇಂಗ್ಲಿಷ್ ಮದ್ದು’ ತಳ ಸೇರುತ್ತದೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2022ರ ಜುಲೈಯಿಂದ 2023ರ ಜೂನ್‌ವರೆಗೆ ಆಯುಷ್ (ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪಥಿ ಮುಂತಾದವು) ಬಗ್ಗೆಯೇ ಪ್ರತ್ಯೇಕವಾಗಿ ಒಂದು ಸಮೀಕ್ಷೆ ನಡೆಸಿದರು. ಹಿಂದಿನ ಒಂದು ವರ್ಷದಲ್ಲಿ ರೋಗ ತಡೆಗೋ ಚಿಕಿತ್ಸೆಗೋ ಆಯುಷ್ ಪದ್ಧತಿಗಳನ್ನು ಬಳಸಿದವರು ಹಳ್ಳಿಗಳಲ್ಲಿ ಸುಮಾರು ಶೇ 46, ಪಟ್ಟಣಗಳಲ್ಲಿ ಸುಮಾರು ಶೇ 53. ನಾಟಿ ಮದ್ದು ಹಳ್ಳಿಯವರ ನಂಬಿಕೆ ಎಂದುಕೊಂಡವರು ಎರಡನೆಯ ಅಂಕಿಯನ್ನು ಇನ್ನೊಮ್ಮೆ ಓದಬೇಕು. ಇವರಲ್ಲಿ ಬಹಳ ಮಂದಿ ಆಸ್ಪತ್ರೆಗೂ ಹೋಗುವವರೇ. ಅಂದರೆ ಎರಡು ವೈದ್ಯಪದ್ಧತಿಗಳ ಸಮನ್ವಯ ಸರ್ಕಾರದ ಯಾವ ಯೋಜನೆಗೂ ಕಾಯದೆ ನಮ್ಮ ಮನೆಗಳಲ್ಲಿ ನಡೆದೇ ಇದೆ. ನಡೆಸುತ್ತಿರುವವರು ಮಾತ್ರ ವೈದ್ಯರಲ್ಲ, ರೋಗಿಗಳು.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ದೊಡ್ಡಮ್ಮನ ರಕ್ತದೊತ್ತಡ ಒಂದು ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಏರತೊಡಗಿತು. ವರ್ಷಗಳಿಂದ ನುಂಗುತ್ತಿದ್ದ ಮಾತ್ರೆ ಸಾಲದಾಯಿತು, ಎರಡನೆಯದು ಸೇರಿತು. ಜೊತೆಗೆ ಕಾಲು ಸೆಳೆತ, ನಿಶ್ಶಕ್ತಿ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆ. ಊಟದಲ್ಲಿ ಉಪ್ಪು ಹೆಚ್ಚಾಯಿತೇ, ಮಾತ್ರೆ ತಪ್ಪಿತೇ ಎಂದೆಲ್ಲ ವಿಚಾರಣೆ ನಡೆಯಿತು. ಕೊನೆಗೆ ತಿಳಿದದ್ದು ಇಷ್ಟು: ಒಣಕೆಮ್ಮಿಗೆಂದು ದಿನಕ್ಕೆ ಎರಡು ಹೊತ್ತು ಜ್ಯೇಷ್ಠಮಧುವಿನ ಕಷಾಯ ಕುಡಿಯುತ್ತಿದ್ದರು, ಎರಡು ತಿಂಗಳಿನಿಂದ. ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಮೂತ್ರಪಿಂಡದಲ್ಲಿ ಒಂದು ಕಿಣ್ವದ ಕೆಲಸವನ್ನು ತಡೆಯುತ್ತದೆ. ಆಗ ದೇಹ ಸೋಡಿಯಂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಚೆಲ್ಲುತ್ತದೆ, ಒತ್ತಡ ಏರುತ್ತದೆ. ಔಷಧಶಾಸ್ತ್ರದ ಪುಸ್ತಕಗಳಲ್ಲಿ ಇದು ಹಳೆಯ ಸಂಗತಿ. ಕಷಾಯ ಹೇಳಿಕೊಟ್ಟವರಿಗೆ ರಕ್ತದೊತ್ತಡದ ಮಾತ್ರೆಯ ವಿಷಯ ಗೊತ್ತಿರಲಿಲ್ಲ, ಮಾತ್ರೆ ಬರೆದವರಿಗೆ ಕಷಾಯದ ವಿಷಯ ಗೊತ್ತಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ನೊಗದ ಕೆಳಗೆ ಇದ್ದದ್ದು ದೊಡ್ಡಮ್ಮನ ಕತ್ತು.

ಸಮನ್ವಯ ವೈದ್ಯಕೀಯ ಎಂಬ ಮಾತು ಬಂದ ಕೂಡಲೇ ನಮ್ಮಲ್ಲಿ ವಾದ ಬೇರೆ ಕಡೆಗೆ ಜಾರುತ್ತದೆ. ಯಾರು ಯಾವ ಮದ್ದು ಬರೆಯಬಹುದು, ಯಾರಿಗೆ ಎಷ್ಟು ಸಂಬಳ, ಯಾವ ಪದವಿ ಯಾವುದಕ್ಕೆ ಸಮ. ಇವೆಲ್ಲ ವೃತ್ತಿಯ ಪ್ರಶ್ನೆಗಳು, ತಳ್ಳಿಹಾಕುವಂಥವಲ್ಲ. ಆದರೆ ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಇದಾವುದೂ ಅಲ್ಲ. ಎರಡೂ ಮದ್ದು ಒಂದೇ ಕಾಗದದ ಮೇಲೆ ಬರೆದಿದ್ದರೆ, ಆ ಕಾಗದವನ್ನು ಇಬ್ಬರೂ ಓದಿದ್ದರೆ ಸಾಕಿತ್ತು.

ಈ ಜಾರುವಿಕೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಮದ್ರಾಸ್ ಸರ್ಕಾರ 1925ರಲ್ಲಿ ಭಾರತೀಯ ವೈದ್ಯ ಶಾಲೆಯೊಂದನ್ನು ತೆರೆಯಿತು. ಅದರ ಮೊದಲ ಪ್ರಾಂಶುಪಾಲರಾದ ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿ ಎರಡೂ ವೈದ್ಯಗಳನ್ನು ಬಲ್ಲವರು. ಆಯುರ್ವೇದ, ಸಿದ್ಧ, ಯುನಾನಿಯ ಜೊತೆಗೆ ಆಧುನಿಕ ಅಂಗರಚನೆ, ಶಸ್ತ್ರಚಿಕಿತ್ಸೆಯನ್ನೂ ಅಲ್ಲಿ ಕಲಿಸುತ್ತಿದ್ದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1948ರಲ್ಲಿ, ಕರ್ನಲ್ ಆರ್.ಎನ್. ಚೋಪ್ರಾ ನೇತೃತ್ವದ ಸಮಿತಿ ಎರಡೂ ಪದ್ಧತಿಗಳ ಸಂಯೋಜನೆಯನ್ನೇ ಶಿಫಾರಸು ಮಾಡಿತು. ಚೋಪ್ರಾ ಗಾಳಿಮಾತಿನ ಮನುಷ್ಯರಲ್ಲ. ಸರ್ಪಗಂಧದ ಬೇರನ್ನು ಪ್ರಯೋಗಾಲಯಕ್ಕೆ ತಂದು ಪರೀಕ್ಷಿಸಿದವರಲ್ಲಿ ಮುಂಚೂಣಿಯವರು. ಅದೇ ಸರ್ಪಗಂಧದ ಬಗ್ಗೆ ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಲೋಕವೆಲ್ಲ ಅದರತ್ತ ತಿರುಗಿತು. 1952ರಲ್ಲಿ ಅದರಿಂದ ರಕ್ತದೊತ್ತಡ ಇಳಿಸುವ ರೆಸರ್ಪಿನ್ ಬೇರ್ಪಟ್ಟಿತು.

ಇಷ್ಟು ಒಳ್ಳೆಯ ಆರಂಭವಿದ್ದರೂ ಎರಡೂ ಪದ್ಧತಿ ಕಲಿಸುವ ಇಂಥ ಸಂಯುಕ್ತ ಕಾಲೇಜುಗಳು ಉಳಿಯಲಿಲ್ಲ. ಅಲ್ಲಿ ಓದಿದವರಿಗೆ ಸಿಕ್ಕಿದ್ದು ಎರಡನೆಯ ದರ್ಜೆಯ ಹುದ್ದೆ. ಅವರು ಕೇಳಿದ್ದು ಎಂಬಿಬಿಎಸ್‌ನವರಿಗೆ ಸಮನಾದ ಸ್ಥಾನಮಾನ. ಅತ್ತ ಸಂಪ್ರದಾಯಸ್ಥರು ಇದು ಆಯುರ್ವೇದವೇ ಅಲ್ಲ, ಶುದ್ಧ ಆಯುರ್ವೇದ ಬೇಕು ಎಂದರು. ಮದ್ರಾಸಿನ ಆ ಕಾಲೇಜಿದ್ದ ಜಾಗದಲ್ಲಿ 1960ರಲ್ಲಿ ಕೀಳ್ಪಾಕ್ ಮೆಡಿಕಲ್ ಕಾಲೇಜು ಶುರುವಾಯಿತು. ಬೋರ್ಡು ಬದಲಾಯಿತು, ಪ್ರಯೋಗ ಮುಗಿಯಿತು. ಅರವತ್ತರ ದಶಕದಲ್ಲಿ ವ್ಯಾಸ್ ಸಮಿತಿ ಶುದ್ಧ ಆಯುರ್ವೇದದ ಪಠ್ಯವನ್ನು ರೂಪಿಸಿತು. ಗಮನಿಸಬೇಕಾದದ್ದು ಏನೆಂದರೆ, ಇಷ್ಟೂ ವರ್ಷಗಳಲ್ಲಿ ಎರಡು ಶಾಸ್ತ್ರಗಳನ್ನು ಒಬ್ಬನೇ ವೈದ್ಯನ ತಲೆಯಲ್ಲಿ ತುಂಬುವ ಪ್ರಯತ್ನ ನಡೆಯಿತೇ ಹೊರತು, ಎರಡು ಶಾಸ್ತ್ರ ಬಲ್ಲ ಇಬ್ಬರನ್ನು ಒಬ್ಬ ರೋಗಿಯ ಹಾಸಿಗೆಯ ಬಳಿ ಕೂಡಿಸುವ ಪ್ರಯತ್ನ ನಡೆಯಲಿಲ್ಲ.

ಇಂದಿನ ಜಗಳಗಳೂ ಅದೇ ಗಾಲಿಯ ಸುತ್ತು. 2017ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಸೂದೆಯಲ್ಲಿ ಆಯುಷ್ ವೈದ್ಯರು ಕಿರು ‘ಬ್ರಿಜ್ ಕೋರ್ಸ್’ ಮುಗಿಸಿ ಕೆಲವು ಅಲೋಪಥಿ ಔಷಧಗಳನ್ನು ಬರೆಯಬಹುದೆಂಬ ಅಂಶವಿತ್ತು. ವಿರೋಧ ಬಂತು, 2018ರಲ್ಲಿ ಕೈಬಿಟ್ಟರು. 2020ರ ನವೆಂಬರಿನಲ್ಲಿ ಆಯುರ್ವೇದದ ಶಲ್ಯ (ಶಸ್ತ್ರಚಿಕಿತ್ಸೆ), ಶಾಲಾಕ್ಯ (ಕಣ್ಣು, ಕಿವಿ, ಮೂಗು, ಗಂಟಲು) ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಕಲಿಯಬೇಕಾದ 58 ಶಸ್ತ್ರಕ್ರಿಯೆಗಳ ಪಟ್ಟಿ ಹೊರಬಂತು. ಡಿಸೆಂಬರ್ 11ರಂದು ಭಾರತೀಯ ವೈದ್ಯಕೀಯ ಸಂಘ ಮುಷ್ಕರ ಹೂಡಿತು. ‘ಮಿಕ್ಸೊಪಥಿ’ ಎಂಬ ಮೂದಲಿಕೆಯ ಮಾತು ಮನೆಮಾತಾದದ್ದು ಆಗಲೇ. ಮಹಾರಾಷ್ಟ್ರ 2014ರಲ್ಲಿ ಕಾನೂನು ತಿದ್ದಿ ಹೋಮಿಯೋಪಥಿಯವರಿಗೆ ಒಂದು ವರ್ಷದ ಔಷಧಶಾಸ್ತ್ರದ ಕೋರ್ಸಿನ ದಾರಿ ತೋರಿಸಿತು, ಆ ಗಲಾಟೆ 2025ರಲ್ಲೂ ಮುಗಿದಿರಲಿಲ್ಲ. ಪುದುಚೇರಿಯ ಜಿಪ್ಮರ್ ವೈದ್ಯಕೀಯ ಸಂಸ್ಥೆಯಲ್ಲಿ ಎಂಬಿಬಿಎಸ್ ಮತ್ತು ಆಯುರ್ವೇದದ ಪದವಿಯಾದ ಬಿಎಎಂಎಸ್ ಎರಡನ್ನೂ ಸೇರಿಸಿದ ಕೋರ್ಸಿನ ಯೋಚನೆಯನ್ನು ಕೇಂದ್ರ ಸಚಿವರು 2025ರಲ್ಲಿ ಹೇಳಿದಾಗ ನನಗೆ ನೆನಪಾದದ್ದು ಕೀಳ್ಪಾಕ್.

ಹಾಗಾದರೆ ಇಬ್ಬರು ಒಂದು ಮೇಜಿಗೆ ಬಂದ ಉದಾಹರಣೆಯೇ ಇಲ್ಲವೇ? ಇದೆ, ಮತ್ತು ಅದು ಕನ್ನಡಿಗರಿಗೆ ದೂರದ್ದಲ್ಲ. ಭಾಷಾವಾರು ವಿಂಗಡಣೆಯಲ್ಲಿ ಕೇರಳದ ಪಾಲಾದರೂ ಕನ್ನಡ, ತುಳು ಇನ್ನೂ ಬೀದಿಯಲ್ಲಿ ಕೇಳುವ ಕಾಸರಗೋಡಿನ ಉಳಿಯತ್ತಡ್ಕದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆಯಿದೆ. ಚರ್ಮರೋಗ ತಜ್ಞ ಡಾ. ಎಸ್.ಆರ್. ನರಹರಿ ಕಟ್ಟಿದ್ದು. ಆಕ್ಸ್‌ಫರ್ಡಿನ ಚರ್ಮವೈದ್ಯ ಟೆರೆನ್ಸ್ ರಯಾನ್ ಅದರ ಜೊತೆಗೆ ನಿಂತರು. ಅವರು ಕೈಗೆತ್ತಿಕೊಂಡ ರೋಗಗಳಲ್ಲಿ ಮುಖ್ಯವಾದದ್ದು ಆನೆಕಾಲು.

ಆನೆಕಾಲಿನ ವಿಷಯದಲ್ಲಿ ಆಧುನಿಕ ವೈದ್ಯ ಅರ್ಧ ಗೆದ್ದಿದೆ. ಕ್ಯುಲೆಕ್ಸ್ ಸೊಳ್ಳೆ ಹರಡುವ ದಾರದಂಥ ಹುಳು, ಅಂಗಾಂಶದ ನೀರನ್ನು ಹೊತ್ತೊಯ್ಯುವ ದುಗ್ಧನಾಳಗಳಲ್ಲಿ ಮನೆಮಾಡಿ ಅವುಗಳನ್ನು ಕೆಡಿಸುತ್ತದೆ. ಸರ್ಕಾರ ಕಲಬುರಗಿ, ಬೀದರ್, ಯಾದಗಿರಿಯಂಥ ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಎದುರೇ ನುಂಗಿಸುವ ಡಿಇಸಿ, ಅಲ್ಬೆಂಡಜೋಲ್ ಮಾತ್ರೆಗಳು ರಕ್ತದಲ್ಲಿರುವ ಹುಳುವಿನ ಮರಿಗಳನ್ನು ಕೊಂದು ರೋಗ ಹರಡುವುದನ್ನು ತಡೆಯುತ್ತವೆ. 2027ರೊಳಗೆ ದೇಶದಿಂದಲೇ ಇದನ್ನು ತೊಲಗಿಸುವ ಗುರಿಯಿದೆ. ಆದರೆ ಈಗಾಗಲೇ ಊದಿಕೊಂಡ ಕಾಲು ಆ ಮಾತ್ರೆಗೆ ಇಳಿಯುವುದಿಲ್ಲ. ಆ ಕಾಲನ್ನು ಹೊತ್ತವನಿಗೆ ವರ್ಷಕ್ಕೆ ಹಲವು ಸಲ ಚಳಿಜ್ವರ ಬರುತ್ತದೆ, ಕಾಲು ಕೆಂಡವಾಗುತ್ತದೆ, ವಾರಗಟ್ಟಲೆ ಕೂಲಿ ತಪ್ಪುತ್ತದೆ, ಪ್ರತಿ ಸಲವೂ ಊತ ಸ್ವಲ್ಪ ಹೆಚ್ಚುತ್ತದೆ. ಮದುವೆಯ ಮನೆಗೆ ಹೋಗಲು ನಾಚುವವರು, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯುವುದನ್ನು ದಿನವೂ ಕಾಣುವವರು ಇವರು. ಆಸ್ಪತ್ರೆ ಇವರಿಗೆ ಹೇಳುತ್ತಿದ್ದದ್ದು ಒಂದೇ ಮಾತು, ಇದಕ್ಕೆ ಮದ್ದಿಲ್ಲ.

ಕಾಸರಗೋಡಿನಲ್ಲಿ ಚರ್ಮವೈದ್ಯರು, ಆಯುರ್ವೇದದವರು, ಯೋಗ ಬಲ್ಲವರು ಒಬ್ಬನೇ ರೋಗಿಯನ್ನು ಒಟ್ಟಿಗೆ ನೋಡಿದರು. ಆಯುರ್ವೇದದಲ್ಲಿ ಇದಕ್ಕೆ ಶ್ಲೀಪದ ಎಂಬ ಹೆಸರಿದೆ, ಚಿಕಿತ್ಸೆಯ ವಿವರವೂ ಇದೆ. ಆಧುನಿಕ ವೈದ್ಯರ ಬಳಿ ದುಗ್ಧನಾಳಗಳ ನಕ್ಷೆ ಇದೆ. ಬೆರಳ ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕಾಗಲೇ ಆ ಚಳಿಜ್ವರ ಬರುವುದು ಎಂಬ ತಿಳಿವಳಿಕೆ ಇದೆ. ಎರಡನ್ನೂ ಇಟ್ಟುಕೊಂಡು ಒಂದು ಕ್ರಮ ರೂಪಿಸಿದರು. ಮೊದಲು ಕಾಲನ್ನು ಸೋಪಿನಿಂದ ತೊಳೆದು ಒರೆಸುವುದು, ಬಿರುಕುಗಳಿಗೆ ಚಿಕಿತ್ಸೆ. ಆಮೇಲೆ ಗಿಡಮೂಲಿಕೆಗಳ ಫಾಂಟದಲ್ಲಿ, ಅಂದರೆ ಬಿಸಿನೀರಿನಲ್ಲಿ ನೆನೆಸಿ ಸೋಸಿದ ರಸದಲ್ಲಿ, ಕಾಲು ಮುಳುಗಿಸಿ ಇಡುವುದು. ಉಸಿರಾಟ ಮತ್ತು ಸರಳ ಆಸನ. ಎಣ್ಣೆ ಹಚ್ಚಿ ನೀವುವುದು. ನೀವುವ ಕ್ರಮ ಅಭ್ಯಂಗದ್ದಾದರೂ ಅದರ ದಿಕ್ಕು ದುಗ್ಧರಸ ಹರಿಯಬೇಕಾದ ದಿಕ್ಕಿಗೆ ಹೊಂದಿಸಿದ್ದು. ಕೊನೆಗೆ ಬಿಗಿ ಪಟ್ಟಿ. ಸೋಂಕು ಕಂಡರೆ ಆ್ಯಂಟಿಬಯೊಟಿಕ್ ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಕೆಲವು ದಿನ ಅಲ್ಲಿ ಕಲಿತು, ಮುಂದೆ ಮನೆಯಲ್ಲಿ ರೋಗಿಯೋ ಮನೆಯವರೋ ಮಾಡಿಕೊಳ್ಳುವುದು.

ಎಣ್ಣೆ ನೀವುವ ದಿಕ್ಕಿನ ಈ ಸಣ್ಣ ವಿವರವೇ ನನಗೆ ಇಡೀ ಕಥೆಯಲ್ಲಿ ಹೆಚ್ಚು ಬೆಲೆಯುಳ್ಳದ್ದೆಂದು ಕಾಣುತ್ತದೆ. ಆಯುರ್ವೇದದ ವೈದ್ಯ ತನ್ನ ಶಾಸ್ತ್ರದ ಕ್ರಿಯೆಯೊಂದನ್ನು ಇನ್ನೊಬ್ಬನ ನಕ್ಷೆ ನೋಡಿ ಹೊಂದಿಸಿಕೊಂಡ. ಚರ್ಮವೈದ್ಯ ತನ್ನ ಪುಸ್ತಕದಲ್ಲಿ ಇಲ್ಲದ ಫಾಂಟವನ್ನು ತನ್ನ ರೋಗಿಯ ಕಾಲಿಗೆ ಬಿಡಲು ಒಪ್ಪಿದ. ಇಬ್ಬರೂ ಒಪ್ಪಿದ ಮೂರನೆಯ ಸಾಕ್ಷಿಯೊಂದು ನಡುವೆ ಇತ್ತು: ಕಾಲಿನ ಅಳತೆ. ಕಾಲು ಇಳಿಯಿತೇ ಇಲ್ಲವೇ, ಜ್ವರ ವರ್ಷಕ್ಕೆ ಎಷ್ಟು ಸಲ ಬಂತು, ಚರ್ಮದಲ್ಲಿ ಬಿರುಕುಗಳು ಎಷ್ಟು ಉಳಿದವು. ಊತಕ್ಕೆ ಕಾರಣ ವಾತವೋ ಕಫವೋ, ದುಗ್ಧರಸದ ಪ್ರೋಟೀನೋ ಎಂಬ ವಾದಕ್ಕೆ ಅಳತೆಯ ಪಟ್ಟಿ ಕಿವಿಗೊಡುವುದಿಲ್ಲ. ಇದೇ ಕ್ರಮವನ್ನು ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳಲ್ಲಿ ಸಮುದಾಯ ಮಟ್ಟದಲ್ಲಿ ನಡೆಸಿ ನೋಡಿದಾಗಲೂ ಊತ ಇಳಿದದ್ದು, ಜ್ವರದ ಸರದಿ ಕಡಿಮೆಯಾದದ್ದು ದಾಖಲಾಯಿತು.

ಹೊಗಳಿಕೆ ಇಲ್ಲಿಗೆ ನಿಲ್ಲಿಸಿ ಒಂದು ತಕರಾರನ್ನೂ ಹೇಳಬೇಕು. ಆ ಅಧ್ಯಯನದಲ್ಲಿ ಚೀಟಿ ಎತ್ತಿ ಗುಂಪು ಮಾಡಿ ಹೋಲಿಸಿ ನೋಡಿರಲಿಲ್ಲ. ತೊಳೆಯುವುದು, ವ್ಯಾಯಾಮ, ಕಾಲು ಎತ್ತಿಡುವುದು, ಇವಿಷ್ಟರಿಂದಲೇ ಜ್ವರದ ಸರದಿ ಕಡಿಮೆಯಾಗುತ್ತದೆಂದು ಬೇರೆ ಕಡೆಯೂ ಗೊತ್ತಿದೆ. ಬಿಗಿ ಪಟ್ಟಿಯಿಂದ ಊತ ಇಳಿಯುವುದೂ ಹೊಸದಲ್ಲ. ಹಾಗಿದ್ದರೆ ಫಾಂಟದ ಪಾಲೆಷ್ಟು, ಪಟ್ಟಿಯ ಪಾಲೆಷ್ಟು? ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸಕ್ಕೆ ಹಣ ಕೊಡುವುದು ನನ್ನ ಲೆಕ್ಕದಲ್ಲಿ ಸಮನ್ವಯಕ್ಕೆ ಕೊಡಬಹುದಾದ ನಿಜವಾದ ಬೆಂಬಲ. ಫಾಂಟದಿಂದ ಏನೂ ಆಗಲಿಲ್ಲವೆಂದು ಗೊತ್ತಾದರೂ ನಷ್ಟವಿಲ್ಲ. ರೋಗಿಗೆ ಅಷ್ಟು ಸೌದೆ, ಅಷ್ಟು ಹೊತ್ತು ಉಳಿಯುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಇಂಥ ಶಿಸ್ತಿನ ಇನ್ನೊಂದು ಮನೆ. ಅಲ್ಲಿನ ಮನೋವೈದ್ಯ ಡಾ. ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಇರುವ 61 ರೋಗಿಗಳಿದ್ದರು. ಎಲ್ಲರಿಗೂ ಔಷಧ ಮುಂದುವರಿದಿತ್ತು. ಅದರ ಮೇಲೆ ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ವ್ಯಾಯಾಮ, ನಾಲ್ಕು ತಿಂಗಳು. ಯೋಗದ ಗುಂಪಿನವರು ಹೆಚ್ಚು ಚೇತರಿಸಿಕೊಂಡರು. ಇಲ್ಲಿ ನೋಡಬೇಕಾದದ್ದು ಹೋಲಿಕೆಯನ್ನು. ಸುಮ್ಮನೆ ಕುಳಿತವರ ಜೊತೆ ಹೋಲಿಸಿದ್ದರೆ ಯಾವ ಚಟುವಟಿಕೆಯೂ ಗೆಲ್ಲುತ್ತಿತ್ತು. ವ್ಯಾಯಾಮದ ಜೊತೆ ಹೋಲಿಸಿ ಯೋಗಕ್ಕೆ ಕಠಿಣ ಪರೀಕ್ಷೆಯನ್ನೇ ಒಡ್ಡಿದರು. ಈಗ ಅಲ್ಲಿ ಸಮನ್ವಯ ವೈದ್ಯಕೀಯದ ಪ್ರತ್ಯೇಕ ವಿಭಾಗವೇ ಇದೆ. ಮಾತ್ರೆ ಬಿಡಿ, ಯೋಗ ಮಾಡಿ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

‘ಬಿಡಿ’ ಎಂಬ ಆ ಒಂದು ಶಬ್ದದಲ್ಲಿ ಎಷ್ಟು ಅಪಾಯವಿದೆ ಎನ್ನುವುದಕ್ಕೆ ಕ್ಯಾನ್ಸರ್ ಕನ್ನಡಿ ಹಿಡಿಯುತ್ತದೆ. ಅಮೆರಿಕದ ಯೇಲ್ ಸಂಶೋಧಕರು 2018ರಲ್ಲಿ ಒಂದು ಹೋಲಿಕೆಯನ್ನು ಪ್ರಕಟಿಸಿದರು. ಚಿಕಿತ್ಸೆಯ ಜೊತೆಗೆ ಪೂರಕ ಪದ್ಧತಿಗಳನ್ನೂ ಬಳಸಿದ 258 ರೋಗಿಗಳು ಒಂದು ಕಡೆ, ಬಳಸದ 1032 ಮಂದಿ ಇನ್ನೊಂದು ಕಡೆ. ಬಳಸಿದವರಲ್ಲಿ ಸಾವಿನ ಸಾಧ್ಯತೆ ಸುಮಾರು ಎರಡು ಪಟ್ಟು. ಮೇಲ್ನೋಟಕ್ಕೆ ಗಿಡಮೂಲಿಕೆಯೇ ಕೊಂದಂತೆ ಕಾಣುತ್ತದೆ. ಆದರೆ ಅದೇ ಗುಂಪಿನಲ್ಲಿ ಸುಮಾರು ಶೇ 34 ಮಂದಿ ಕಿಮೊಥೆರಪಿಯನ್ನು, ಶೇ 53 ಮಂದಿ ವಿಕಿರಣ ಚಿಕಿತ್ಸೆಯನ್ನು ಬೇಡವೆಂದಿದ್ದರು. ಇನ್ನೊಂದು ಗುಂಪಿನಲ್ಲಿ ಹಾಗೆ ಹೇಳಿದವರು ಬೆರಳೆಣಿಕೆಯಷ್ಟು. ಆ ನಿರಾಕರಣೆಯನ್ನು ಲೆಕ್ಕಕ್ಕೆ ಹಿಡಿದಾಗ ಎರಡು ಗುಂಪುಗಳ ನಡುವಿನ ಅಂತರ ಮಾಯವಾಯಿತು. ಕೊಂದದ್ದು ಕೂಡಿಸಿಕೊಂಡದ್ದಲ್ಲ, ಬಿಟ್ಟದ್ದು.

ನಮ್ಮ ಆಸ್ಪತ್ರೆಗಳು ಇದರಿಂದ ಕಲಿಯುವ ಪಾಠ ಸಾಮಾನ್ಯವಾಗಿ ತಿರುವುಮುರುವಾಗಿರುತ್ತದೆ. ಕ್ಯಾನ್ಸರ್ ವೈದ್ಯರು ನಾಟಿ ಮದ್ದಿನ ಹೆಸರೆತ್ತಿದರೆ ಸಿಡುಕುತ್ತಾರೆ. ಕಿಮೊ ಪಡೆದು ವಾಂತಿಯಿಂದ ಸೊರಗಿದ ರೋಗಿಯ ಮನೆಗೆ ಶಿವಮೊಗ್ಗ ಕಡೆಯ ಮದ್ದಿನ ಸುದ್ದಿ ಬಂದಿರುತ್ತದೆ, ಯಾರದೋ ಗುಣವಾದ ಕಥೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಕೇಳಿದರೆ ಬೈಸಿಕೊಳ್ಳಬೇಕು ಎಂದು ಗೊತ್ತಿರುವವರು ಕೇಳುವುದಿಲ್ಲ, ಮುಂದಿನ ಸುತ್ತಿಗೆ ಬರುವುದನ್ನೇ ನಿಲ್ಲಿಸುತ್ತಾರೆ. ಬಾಯಿ ಹುಣ್ಣಿಗೆ, ನಿದ್ದೆಗೆ, ಭಯಕ್ಕೆ, ಹಸಿವಿಗೆ ಏನಾದರೂ ಮಾಡಬಹುದೇ ಎಂದು ನೋಡುವ ಒಬ್ಬ ಆಯುರ್ವೇದ ಅಥವಾ ಯೋಗ ವೈದ್ಯರು ಅದೇ ವಾರ್ಡಿನಲ್ಲಿ, ಕ್ಯಾನ್ಸರ್ ವೈದ್ಯರ ಕಣ್ಣೆದುರೇ ಇದ್ದರೆ, ಮನೆಯವರಿಗೆ ಶಿವಮೊಗ್ಗದ ಬಸ್ಸು ಹತ್ತುವ ಅಗತ್ಯ ಕಡಿಮೆಯಾಗುತ್ತದೆ.

ಈಗ ವೈದ್ಯರ ಕಡೆ ನೋಡೋಣ. ಖಾಸಗಿ ಆಸ್ಪತ್ರೆಗಳ ರಾತ್ರಿ ಪಾಳಿಯಲ್ಲಿ, ಕೆಲವೆಡೆ ತುರ್ತು ನಿಗಾ ಘಟಕದಲ್ಲೂ, ಡ್ಯೂಟಿ ಡಾಕ್ಟರ್ ಆಗಿ ಇರುವವರು ಎಷ್ಟೋ ಸಲ ಬಿಎಎಂಎಸ್ ಅಥವಾ ಹೋಮಿಯೋಪಥಿಯ ಬಿಎಚ್‌ಎಂಎಸ್ ಓದಿದವರು. ಇದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ದೊಡ್ಡ ವೈದ್ಯರು ಫೋನಿನಲ್ಲಿ ಹೇಳುತ್ತಾರೆ, ಇವರು ಬರೆಯುತ್ತಾರೆ. ಎಂಬಿಬಿಎಸ್‌ನವರಿಗೆ ಕೊಡಬೇಕಾದ ಸಂಬಳದ ಒಂದು ಪಾಲಿನಲ್ಲಿ ಕೆಲಸ ಆಗುತ್ತದೆ. ಆದರೆ ರೋಗಿಗೆ ಏನಾದರೂ ಆದರೆ? ಹೋಮಿಯೋಪಥಿ ಓದಿದವರೊಬ್ಬರು ಅಲೋಪಥಿ ಔಷಧ ಕೊಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ: ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಕಿಲ್ಲ. 1998ರ ಇನ್ನೊಂದು ತೀರ್ಪಿನ ಪ್ರಕಾರ, ರಾಜ್ಯದ ಕಾನೂನು ಅವಕಾಶ ಕೊಟ್ಟಿದ್ದರೆ ಮಾತ್ರ ಭಾರತೀಯ ವೈದ್ಯಪದ್ಧತಿಯವರು ಆಧುನಿಕ ಔಷಧ ಬರೆಯಬಹುದು. ಹಾಗಾಗಿ ಆ ರಾತ್ರಿ ಪಾಳಿಯ ಹುಡುಗಿಯೋ ಹುಡುಗನೋ ಕತ್ತಿಯ ಅಲಗಿನ ಮೇಲೆ ಕೆಲಸ ಮಾಡುತ್ತಿರುತ್ತಾರೆ. ಲಾಭ ಆಸ್ಪತ್ರೆಗೆ, ಕೇಸು ಇವರ ಮೇಲೆ.

ಸರ್ಕಾರಿ ವ್ಯವಸ್ಥೆಯ ಕಥೆಯೂ ವಿಚಿತ್ರವೇ. ಶಾಲಾಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳಲ್ಲಿ ಇರುವ ವೈದ್ಯರು ಆಯುಷ್‌ನವರು. ಮಾಡುವ ಕೆಲಸವೆಲ್ಲ ಹುಟ್ಟಿನ ದೋಷ, ಹೃದಯದ ಸದ್ದು, ರಕ್ತಹೀನತೆ ಪತ್ತೆ ಹಚ್ಚುವಂಥದ್ದು. ಆಯುರ್ವೇದಕ್ಕೆ ಅಲ್ಲಿ ಎಡೆಯೇ ಇಲ್ಲ. ಗುಜರಾತಿನ ಪ್ರಕರಣವೊಂದರಲ್ಲಿ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ತುರ್ತು ಚಿಕಿತ್ಸೆ, ಮರಣೋತ್ತರ ಪರೀಕ್ಷೆಯಂಥ ಕೆಲಸ ಇಲ್ಲದ ಆಯುರ್ವೇದ ವೈದ್ಯರು ಎಂಬಿಬಿಎಸ್ ವೈದ್ಯರಿಗೆ ಸಮನಾದ ವೇತನ ಕೇಳುವಂತಿಲ್ಲ ಎಂದಿತು. ತರ್ಕ ಸರಿಯಿರಬಹುದು. ಆದರೆ ಕೆಲಸ ಹಂಚುವಾಗ ಡಾಕ್ಟರ್, ಸಂಬಳ ಹಂಚುವಾಗ ಪಂಡಿತ ಎಂಬ ಭಾವನೆ ಹೊತ್ತವರಿಂದ ತಮ್ಮ ಶಾಸ್ತ್ರದ ಬಗ್ಗೆ ಆತ್ಮವಿಶ್ವಾಸವನ್ನಾಗಲಿ, ಅದರ ಮಿತಿಯ ಬಗ್ಗೆ ಪ್ರಾಮಾಣಿಕತೆಯನ್ನಾಗಲಿ ನಿರೀಕ್ಷಿಸುವುದು ಕಷ್ಟ.

ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಶುರುವಾದಾಗ ಆಯುಷ್ ವೈದ್ಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಒಳಗೇ ಕೂರಿಸುವ ಯೋಚನೆ ಬಂತು. ಒಂದೇ ಸೂರು, ಅಕ್ಕಪಕ್ಕದ ಕೋಣೆ. ಯೋಚನೆ ಚೆನ್ನಾಗಿತ್ತು. ಆದರೆ ಎರಡು ಕೋಣೆಗೆ ಎರಡು ರಿಜಿಸ್ಟರ್. ಇತ್ತ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಪಡೆದವನು ಅತ್ತ ಹೋಗಿ ಮಂಡಿನೋವಿಗೆ ಗುಗ್ಗುಲು ಪಡೆದರೆ, ಗೋಡೆಯ ಎರಡೂ ಬದಿಯಲ್ಲಿ ಅವನು ಒಂದೊಂದು ಸಂಖ್ಯೆ. ತಿಂಗಳ ಕೊನೆಗೆ ಎರಡು ವರದಿಗಳು ಬೇರೆ ಬೇರೆ ಇಲಾಖೆಗೆ ಹೋಗುತ್ತವೆ. ಎಂಬಿಬಿಎಸ್ ಮುಗಿಸಿದವರಿಗೆ ಇಂಟರ್ನ್‌ಶಿಪ್ಪಿನಲ್ಲಿ ಭಾರತೀಯ ಪದ್ಧತಿಗಳ ಪರಿಚಯಕ್ಕೆ ಇರುವುದು ಒಂದು ವಾರ. ಒಂದು ವಾರದಲ್ಲಿ ಪಥ್ಯ ಎಂಬ ಶಬ್ದದ ಅರ್ಥವಾದರೂ ತಿಳಿದರೆ ಪುಣ್ಯ.

ವಿಮೆಯ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದೇವೆ. 2024ರ ಏಪ್ರಿಲ್ 1ರಿಂದ ಆಯುಷ್ ಚಿಕಿತ್ಸೆಗೂ ಉಳಿದ ಚಿಕಿತ್ಸೆಯಷ್ಟೇ ವಿಮಾ ರಕ್ಷಣೆ ಇರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಸೂಚಿಸಿತು. ರೋಗಿಗಳಿಗೆ ಅನುಕೂಲವೇ. ಆದರೆ ನಮ್ಮ ಆರೋಗ್ಯ ವಿಮೆ ಹೆಚ್ಚಾಗಿ ಹಾಸಿಗೆಗೆ ಹಣ ಕೊಡುವ ವಿಮೆ. ಹತ್ತು ದಿನ ಒಳರೋಗಿಯಾಗಿ ಪಂಚಕರ್ಮ ಮಾಡಿಸಿಕೊಂಡರೆ ಬಿಲ್ ಪಾವತಿಯಾಗಬಹುದು. ಇಬ್ಬರು ವೈದ್ಯರು ಇಪ್ಪತ್ತು ನಿಮಿಷ ಕುಳಿತು ಒಬ್ಬ ರೋಗಿಯ ಹನ್ನೊಂದು ಮದ್ದುಗಳಲ್ಲಿ ನಾಲ್ಕನ್ನು ಕಡಿತಗೊಳಿಸಿದರೆ ಅದಕ್ಕೆ ಬಿಲ್ಲೇ ಇಲ್ಲ. ಹಣ ಸಿಗುವ ಕೆಲಸ ಬೆಳೆಯುತ್ತದೆ. ಸಮನ್ವಯದ ಹೆಸರಿನಲ್ಲಿ ತಲೆಯೆತ್ತುತ್ತಿರುವ ಕೇಂದ್ರಗಳಲ್ಲಿ ಹಲವು ರೆಸಾರ್ಟ್‌ಗಳಂತೆ ಕಾಣುವುದರ ಗುಟ್ಟು ಇಷ್ಟೇ.

ಇನ್ನು ಅಡ್ಡಪರಿಣಾಮದ ಮಾತು. ಕೋವಿಡ್ ಕಾಲದಲ್ಲಿ ಮನೆಮನೆಯ ಕುಂಡದಲ್ಲಿ ಅಮೃತಬಳ್ಳಿ ಹಬ್ಬಿತು. 2021ರಲ್ಲಿ ಮುಂಬೈಯ ವೈದ್ಯರು ಆರು ರೋಗಿಗಳಲ್ಲಿ ಅಮೃತಬಳ್ಳಿ ಸೇವನೆಯ ನಂತರ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ಮರುವರ್ಷ ಹಲವು ಕೇಂದ್ರಗಳಿಂದ ಒಟ್ಟು 43 ರೋಗಿಗಳ ವಿವರ ಪ್ರಕಟವಾಯಿತು. ಆಯುಷ್ ಸಚಿವಾಲಯ ಮೊದಲ ವರದಿಯನ್ನು ಒಪ್ಪಲಿಲ್ಲ. ಅವರು ತಿಂದದ್ದು ಅಮೃತಬಳ್ಳಿಯೇ ಎಂಬುದಕ್ಕೆ ಏನು ಖಾತ್ರಿ, ಅದೇ ರೂಪದ ಬೇರೆ ಬಳ್ಳಿಯೂ ಇರಬಹುದಲ್ಲ ಎಂದಿತು. ಪಕ್ಷ ವಹಿಸುವವರು ಪಕ್ಷ ವಹಿಸಿಕೊಂಡರು. ನನಗೆ ಇಲ್ಲಿ ಕಾಣುವುದು ಬೇರೆ. ಯಾವ ಬಳ್ಳಿ, ಎಷ್ಟು, ಎಷ್ಟು ದಿನ, ಯಾರ ಸಲಹೆಯಂತೆ ಎಂಬುದನ್ನು ಸೇವಿಸುವಾಗಲೇ ಚೀಟಿಯಲ್ಲಿ ಬರೆದಿಡುವ ರೂಢಿ ನಮ್ಮಲ್ಲಿಲ್ಲ. ಬರೆದಿದ್ದರೆ ಈ ವಾದಕ್ಕೆ ಒಂದು ದಿನದಲ್ಲಿ ತೆರೆ ಬೀಳುತ್ತಿತ್ತು. ತೊಂಬತ್ತರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಕ್ಲಿನಿಕ್ಕಿಗೆ ಹೋದ ಮಹಿಳೆಯರ ಮೂತ್ರಪಿಂಡ ಕೆಟ್ಟದ್ದು ಹೀಗೆಯೇ, ಒಂದು ಚೀನೀ ಮೂಲಿಕೆಯ ಜಾಗದಲ್ಲಿ ಅರಿಸ್ಟೊಲೋಕಿಯಾ ಜಾತಿಯ ಇನ್ನೊಂದು ಸೇರಿಕೊಂಡಿದ್ದರಿಂದ. ಅದೇ ಜಾತಿಯ ಗಿಡ ನಮ್ಮಲ್ಲಿ ಈಶ್ವರಿ ಬಳ್ಳಿ ಎಂಬ ಹೆಸರಿನಲ್ಲಿ ಬೇಲಿಯ ಮೇಲಿದೆ, ನಾಟಿ ಮದ್ದಿನಲ್ಲೂ ಇದೆ. ಮೂತ್ರಪಿಂಡಕ್ಕೆ ಹಾನಿ ಮಾಡುವ, ಮೂತ್ರಮಾರ್ಗದ ಕ್ಯಾನ್ಸರ್ ತರಬಲ್ಲ ಆಮ್ಲ ಅದರಲ್ಲಿದೆ.

ಆಯುಷ್ ಔಷಧಗಳ ಅಡ್ಡಪರಿಣಾಮ ದಾಖಲಿಸಲು ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡ ವ್ಯವಸ್ಥೆಯೊಂದಿದೆ. ಅಲೋಪಥಿಗೂ ಅಂಥದ್ದು ಬೇರೆ ಇದೆ. ಅಲ್ಲೂ ಎರಡು ರಿಜಿಸ್ಟರ್! ಎರಡು ಮದ್ದುಗಳ ನಡುವೆ ಹುಟ್ಟಿದ ತೊಂದರೆ ಯಾವುದಕ್ಕೆ ಸೇರಬೇಕು? ತನ್ನ ರೋಗಿಗೆ ತನ್ನದೇ ಮದ್ದಿನಿಂದ ತೊಂದರೆಯಾಯಿತು ಎಂದು ಬರೆದು ಕಳಿಸುವ ಆಯುರ್ವೇದ ವೈದ್ಯರಿಗೆ ಅವರ ವೃತ್ತಿಬಾಂಧವರು ಬೆನ್ನು ತಟ್ಟುತ್ತಾರೆಯೇ, ಮುಖ ತಿರುಗಿಸುತ್ತಾರೆಯೇ? ವೈದ್ಯರಿಗೆ ಬೆಂಬಲ ಎಂದರೆ ಸಮ್ಮೇಳನದಲ್ಲಿ ಶಾಲು ಹೊದೆಸುವುದೆಂದು ತಿಳಿದಿದ್ದೇವೆ. ಇಂಥ ಒಂದು ವರದಿ ಕಳಿಸಿದವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು, ಎದೆನೋವಿನ ರೋಗಿಯನ್ನು ಗುರುತಿಸಿ ಹತ್ತು ನಿಮಿಷದಲ್ಲಿ ಮುಂದಕ್ಕೆ ಕಳಿಸಿದ ಹಳ್ಳಿಯ ಬಿಎಎಂಎಸ್ ವೈದ್ಯರ ಪತ್ರಕ್ಕೆ ದೊಡ್ಡಾಸ್ಪತ್ರೆಯಿಂದ ಎರಡು ಸಾಲಿನ ಉತ್ತರ ಬರುವಂತೆ ಮಾಡುವುದು, ಇವಕ್ಕೆ ಶಾಲಿಗಿಂತ ಕಡಿಮೆ ಖರ್ಚು.

ಒಂದೇ ಕಡತಕ್ಕೆ ಬೇಕಾದ ಯಂತ್ರ ಈಗ ಇಲ್ಲವೆಂದೇನಲ್ಲ. 2021ರಿಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ಪ್ರತಿಯೊಬ್ಬರ ಆರೋಗ್ಯ ಖಾತೆಗೆ 14 ಅಂಕಿಯ ಆಭಾ ಸಂಖ್ಯೆ ಕೊಡುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಯ ರೋಗನಾಮಗಳಿಗೆ ತನ್ನ ರೋಗ ವರ್ಗೀಕರಣದಲ್ಲಿ ಸಂಕೇತಗಳನ್ನು ಬಿಡುಗಡೆ ಮಾಡಿತು. ಆಯುರ್ವೇದದ ಆಮವಾತಕ್ಕೂ ಒಂದು ಸಂಕೇತ, ಅದನ್ನು ಹೋಲುವ ರುಮಟಾಯ್ಡ್ ಸಂಧಿವಾತಕ್ಕೂ ಒಂದು ಸಂಕೇತ ಇರುವಾಗ ಎರಡನ್ನೂ ಒಬ್ಬ ರೋಗಿಯ ಹೆಸರಿನ ಕೆಳಗೆ ಬರೆಯಲು ಅಡ್ಡಿ ತಂತ್ರಜ್ಞಾನದ್ದಲ್ಲ. ಬರೆಯುವವರಿಗೆ ಸಮಯ ಬೇಕು, ಓದುವವರಿಗೆ ಮನಸ್ಸು ಬೇಕು. ಒಂದು ಗಂಟೆಗೆ ಐವತ್ತು ರೋಗಿಗಳನ್ನು ನೋಡುವ ವೈದ್ಯರ ಬಳಿ ಮೊದಲನೆಯದು ಇಲ್ಲ, ಎರಡನೆಯದನ್ನು ಕೇಳುವುದು ಅನ್ಯಾಯ.

ದೊಡ್ಡಮ್ಮ ಕಷಾಯ ಬಿಟ್ಟ ಕೆಲವು ವಾರಗಳಲ್ಲಿ ಒತ್ತಡ ಇಳಿಯಿತು, ಎರಡನೆಯ ಮಾತ್ರೆ ನಿಂತಿತು. ಪಂಡಿತರಿಗೆ ವಿಷಯ ತಿಳಿಸಿದಾಗ ಅವರು ಮುನಿಸಿಕೊಳ್ಳಲಿಲ್ಲ. ಕೆಮ್ಮಿಗೆ ಬೇರೆ ಕೊಡುತ್ತೇನೆ, ಆ ಡಾಕ್ಟರರ ಚೀಟಿ ಒಮ್ಮೆ ತನ್ನಿ ಎಂದರು. ಆಸ್ಪತ್ರೆಯ ಚೀಟಿಯಲ್ಲಿ ಹೆಸರು, ವಯಸ್ಸು, ತೂಕ, ಒತ್ತಡ, ಅಲರ್ಜಿ ಎಲ್ಲಕ್ಕೂ ಅಂಕಣವಿದೆ. ಬೇರೆ ಏನು ಸೇವಿಸುತ್ತೀರಿ ಎಂಬುದಕ್ಕೆ ಇಲ್ಲ. ಈಗ ದೊಡ್ಡಮ್ಮ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾವೇ ಬರೆದುಕೊಂಡು ಹೋಗುತ್ತಾರೆ. ಕಳೆದ ಸಲ ಬರೆದದ್ದು ನೋಡಿದೆ: ಬೆಳಿಗ್ಗೆ ಮೆಂತ್ಯ ನೆನೆಸಿದ ನೀರು, ರಾತ್ರಿ ತ್ರಿಫಲ ಅರ್ಧ ಚಮಚ, ಜ್ಯೇಷ್ಠಮಧು ಇಲ್ಲ. ಡಾಕ್ಟರು ಚೀಟಿ ತಿರುಗಿಸಿ ನೋಡಿದರೇ ಎಂದು ಕೇಳಿದೆ. ‘ಈ ಸಲ ನಾನೇ ತಿರುಗಿಸಿ ಕೊಟ್ಟೆ’ ಎಂದರು.